ಶಂಬರ್

ಬೇಲೆಕೇರಿ ಬಿಟ್ಟಾಗ ಹಿಂದೆ ಹದಿನಾಲ್ಕು ಕ್ರೇಟು ಬಂಗಡೆ,
ಮುಂದೆ ನಾನು, ಶೇವಂತಿ, ಅವಳ ಮಡಿಲಲ್ಲಿ ನಿತೇಶ.
ಉಸಿರೆಳೆದಾಗೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು,
ಅಲೆ ಸರಿದಲ್ಲಿ ಏಡಿಯ ತೂತು ಕಂಡ ಹಾಗೆ.
ಅಂಬುಲೆನ್ಸಿಗೆ ಫೋನು ಮಾಡಿದ್ದೆವು. ಇತ್ತು.
ಹೆರಿಗೆಯವಳೊಬ್ಬಳನ್ನು ಹೊತ್ತು ಕುಂದಾಪುರ ದಾಟಿತ್ತು.
ಅವನಪ್ಪನಿಗೂ ಮಾಡಿದ್ದೆವು. ಬೋಟು ಎಲ್ಲಿತ್ತೋ,
ಅಲ್ಲಿಗೆ ಟವರ್ ಇರಲಿಲ್ಲ.

ಕಾರವಾರದ ಡಾಕ್ಟರು ಬೈಯಲಿಲ್ಲ.
ಬೈದಿದ್ದರೆ ಒಳ್ಳೆಯದಿತ್ತು, ಜಗಳಕ್ಕಾದರೂ ಒಬ್ಬರು ಸಿಗುತ್ತಿದ್ದರು.
ಅವರ ಕಾಲಲ್ಲಿ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ.
ಮಗುವಿನ ಗಂಟಲಿಗೆ ನಳಿಗೆ ಇಳಿಸಿ, ಬೆವರು ಒರೆಸಿಕೊಂಡು ಹೇಳಿದರು:
ಮಕ್ಕಳ ವೆಂಟಿಲೇಟರ್ ಎರಡು. ಎರಡರಲ್ಲೂ ಮಕ್ಕಳು.
ಶೇವಂತಿ ಗಾಜಿನಾಚೆ ಆ ಇಬ್ಬರನ್ನು ನೋಡಿದಳು.
ಒಬ್ಬಳ ಕಾಲಲ್ಲಿ ಗೆಜ್ಜೆ,
ಬಿಚ್ಚಲು ಯಾರಿಗೂ ಪುರಸೊತ್ತಾಗಿರಲಿಲ್ಲ.
ಆಮೇಲೆ ಅವಳು ಏನನ್ನೂ ಕೇಳಲಿಲ್ಲ.
ಗೋವಾಕ್ಕೆ ಒಯ್ಯಿರಿ, ಬಾಂಬೋಳಿಗೆ, ನಾನು ಹೇಳಿಡುತ್ತೇನೆ ಅಂದರು.
ಯಾವುದರಲ್ಲಿ?
ಎಲ್ಲರೂ ನನ್ನ ಕಡೆ ನೋಡಿದರು.

ಸಿಲಿಂಡರನ್ನು ಬಲೆಯ ಹಗ್ಗದಿಂದ ಕ್ರೇಟುಗಳ ನಡುವೆ ಬಿಗಿದೆ.
ಹಿಂದಿನ ಕಿಟಕಿಯಿಂದ ನಳಿಗೆ ಒಳಗೆ.
ಸಿಸ್ಟರ್ ನೀಲವ್ವ ಹತ್ತಿದಳು, ಗದಗಿನ ಕಡೆಯವಳು,
ಡ್ಯೂಟಿ ಮುಗಿದು ಎರಡು ತಾಸಾಗಿತ್ತು,
ಕೈಯಲ್ಲಿ ರಬ್ಬರಿನ ಚೀಲ. ಒತ್ತಿದರೆ ಒಂದು ಉಸಿರು.

ಕಾಳಿ ಸೇತುವೆ. ಸದಾಶಿವಗಡ.
ಮಾಜಾಳಿ ಗೇಟಿನಲ್ಲಿ ಪೊಲೀಸು ಟಾರ್ಚು ಬಿಟ್ಟ,
ಮೀನು ನೋಡಿದ, ನಳಿಗೆ ನೋಡಿದ,
ಟಾರ್ಚು ಆರಿಸಿ ಪಕ್ಕಕ್ಕೆ ನಿಂತ.
ಅಷ್ಟರಲ್ಲಿ ನೀಲವ್ವನ ಹೆಬ್ಬೆರಳು ಸೆಟೆದಿತ್ತು.
"ನೀವು ಹಿಡೀರಿ ಅಕ್ಕಾ. ಒತ್ರಿ, ಬಿಡ್ರಿ. ಲೆಕ್ಕ ಮಾತ್ರ ತಪ್ಪಬ್ಯಾಡ್ರಿ."

ಲೆಕ್ಕ!
ಶೇವಂತಿಗೆ ಲೆಕ್ಕ ಹೇಳಿಕೊಡುವವರು ನಮ್ಮ ಬಂದರಿನಲ್ಲಿ ಹುಟ್ಟಿಲ್ಲ.
ಪಕ್ಕದವಳ ಜೊತೆ ಜಗಳವಾಡುತ್ತ, ಬೆಕ್ಕು ಓಡಿಸುತ್ತ,
ಬುಟ್ಟಿಗೆ ಮೀನು ಎಸೆದು ಎಣಿಸುವವಳು.
ನೂರಾದರೆ ಒಂದು ಮೀನು ಬದಿಗೆ, ಅದು ಲೆಕ್ಕದ ಮೀನು.
ಏಕ್, ದೋನ್, ತೀನ್, ಚಾರ್...
ಅದೇ ದನಿ, ಸಂತೆಯ ದನಿ,
ಅಳುವಿಗೆ ಅದರೊಳಗೆ ನುಗ್ಗಲು ಸಂದಿಯಿರಲಿಲ್ಲ.
"ಶಂಬರ್!" ಅಂದಳು. "ಇನಾಸ, ಒಂದು ಬದಿಗಿಡು."
ಡ್ಯಾಶ್‌ಬೋರ್ಡಿನ ಮೇಲೆ ಚಹಾದ ಚಿಲ್ಲರೆ, ಹನ್ನೆರಡು ನಾಣ್ಯ.
ಒಂದನ್ನು ಎಡದಿಂದ ಬಲಕ್ಕೆ ಸರಿಸಿದೆ,
ಏಸುವಿನ ಚಿತ್ರದ ಬುಡಕ್ಕೆ.

ಕಾಣಕೋಣದ ಪೇಟೆಯಲ್ಲಿ ಏಳು.
ಕರಮಲ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿ ಹನ್ನೊಂದು.
ಹಾರನ್ ಒತ್ತಿದೆ, ಒತ್ತಿದೆ. ಲಾರಿಯವನಿಗೇನು ಗೊತ್ತು,
ಮೀನಿನ ಗಾಡಿಗೆ ಯಾವಾಗಲೂ ಅವಸರವೇ.
ಘಟ್ಟ ಇಳಿಯುವಷ್ಟರಲ್ಲಿ ನಾಣ್ಯ ಮುಗಿದವು,
ಬಲದಿಂದ ಎಡಕ್ಕೆ ಶುರು ಮಾಡಿದೆ.
ನಡುನಡುವೆ ನೀಲವ್ವ ಕೈ ಬದಲಿಸಿದಳು. ಎಣಿಕೆ ಬದಲಾಗಲಿಲ್ಲ.

ಬಾಂಬೋಳಿಯ ಗೇಟಿನಲ್ಲಿ ಹಿಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು.
ಸೆಕ್ಯುರಿಟಿಯವ ಮೂಗು ಮುಚ್ಚಿಕೊಂಡು ಕೇಳಿದ:
ಎಲ್ಲಿಯವರು? ಆಧಾರ್ ಎಲ್ಲಿ?
ಶೇವಂತಿ ಅವನ ಮುಖ ನೋಡುತ್ತಲೇ ಎಣಿಸಿದಳು.
ಒಳಗೂ ಸಾಲು. ಕಾರಿಡಾರಿನ ಸ್ಟ್ರೆಚರಿನ ಮೇಲೆ ಇನ್ನೂ ಒಂಬತ್ತು ಶಂಬರ್.
ನಾಣ್ಯ ಗಾಡಿಯಲ್ಲೇ ಉಳಿದಿತ್ತು, ಬೆರಳು ಮಡಚಿದೆ.
ಕೊನೆಗೆ ಯಾರೋ ಬಂದು ಅವಳಿಂದ ಚೀಲ ಬಿಡಿಸಿಕೊಂಡರು.
ಕೈ ಮಾತ್ರ ಒತ್ತುತ್ತಲೇ ಇತ್ತು,
ಖಾಲಿ.

ಬಂಗಡೆಯ ದುಡ್ಡನ್ನು ಧಣಿ ಮೂರು ತಿಂಗಳು ಪಗಾರದಲ್ಲಿ ಮುರಿದುಕೊಂಡ.
ಇರಲಿ, ಮೀನು ಅವನದು.
ನಿತೇಶ ಈಗ ಅಂಗಳದಲ್ಲಿ ಕೋಳಿ ಅಟ್ಟುತ್ತಾನೆ,
ಜೋರಾಗಿ ಓಡಿದರೆ ಕೆಮ್ಮುತ್ತಾನೆ.
ಆ ಗೆಜ್ಜೆಯ ಹುಡುಗಿ ಏನಾದಳೆಂದು
ನೀಲವ್ವನಿಗೆ ಫೋನು ಮಾಡಿ ಕೇಳು ಅಂತ
ಶೇವಂತಿ ಎರಡು ಸಲ ಹೇಳಿದಳು.
ನಂಬರು ನನ್ನ ಹತ್ತಿರ ಇದೆ.
ಇನ್ನೂ ಮಾಡಿಲ್ಲ.