ಕತ್ತಿನ ಹಿಂದಿನ ಚೀಟಿ

ರಾತ್ರಿ ಹನ್ನೊಂದರ ಮೇಲೆ ಡೇಟಾ ಅಗ್ಗ.
ಮಾಪುತ್ಸ್ವೆಯಲ್ಲಿ ಪಾಠ ಹೇಳುವವರಿಗೆಲ್ಲ ಇದು ಗೊತ್ತು.
ಕಂಬಳಿ ಹೊದ್ದು, ಫೋನನ್ನು ಕಿಟಕಿಯ ಸರಳಿಗೆ ಆನಿಸಿ
ಕಾದೆ: ‘ಜಾಗತೀಕರಣ. ಏಳನೇ ತರಗತಿಗೆ.
ಮೂವತ್ತೇಳು ಪುಟ. ಪೂರ್ತಿ ಉಚಿತ.’
ತೊಟ್ಟು ತೊಟ್ಟಾಗಿ ಇಳಿಯಿತು ಜಗತ್ತು,
ಶೇಕಡಾ ಅರವತ್ತೆರಡರಲ್ಲಿ ಉಸಿರು ಹಿಡಿದು ನಿಂತು,
ನದಿಯಾಚೆ ಫಿಕ್ಸ್‌ಬರ್ಗಿನ ದೀಪಗಳನ್ನು ನಾನು ಎಣಿಸುವಷ್ಟರಲ್ಲಿ
ಮತ್ತೆ ಇಳಿಯಿತು.

ಯಾರೋ ಪುಣ್ಯಾತ್ಮರು ಬರೆದದ್ದು. ಹೆಸರಿಲ್ಲ.
ಕೊನೆಯಲ್ಲೊಂದು ಸಾಲು:
ಬಳಸಿ, ತಿದ್ದಿ, ಹಂಚಿ; ಮಾರಬೇಡಿ.
ಕುಂಬಳದ ಬೀಜ ಕೊಡುವಾಗ ನಮ್ಮಜ್ಜಿ
ಇಷ್ಟನ್ನೇ ಹೇಳುತ್ತಿದ್ದಳು. ತಿದ್ದಿ ಅನ್ನುವುದೊಂದು ಬಿಟ್ಟು.

ಮೊದಲ ಚಟುವಟಿಕೆ:
‘ಪಕ್ಕದವರ ಅಂಗಿಯ ಕತ್ತಿನ ಚೀಟಿ ಓದಿ.
ಎಲ್ಲಿ ಹೊಲಿದದ್ದು? ಆ ದೇಶಕ್ಕೆ ಬಣ್ಣ ತುಂಬಿ.
ಹೊಲಿದವರು ಹೇಗಿರಬಹುದು? ಊಹಿಸಿ ಬರೆಯಿರಿ.’

ನಕಾಶೆಯನ್ನು ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಮಾಡಿಸಿದೆ,
ನಲವತ್ತಾರು ಪ್ರತಿ, ಸ್ವಂತ ಕಾಸು.
ಉಚಿತಕ್ಕೂ ಒಂದು ಬೆಲೆಯಿದೆ ಎಂದು
ಮೊದಲು ತಿಳಿದದ್ದು ಆ ಅಂಗಡಿಯ ಚಿಲ್ಲರೆಯಲ್ಲಿ.
ಮಷೀನು ಮಸಿ ಕಾರುತ್ತಿತ್ತು. ನಮ್ಮ ದೇಶ
ಆಫ್ರಿಕದ ತುದಿಯಲ್ಲೊಂದು ಕಪ್ಪು ಚುಕ್ಕೆ,
ನೊಣ ಕೂತು ಎದ್ದು ಹೋದ ಹಾಗೆ.
ಬಣ್ಣ ತುಂಬಲು ಜಾಗವಿಲ್ಲ.

ತರಗತಿ ಗಲಗಲ.
ಒಬ್ಬರ ಕತ್ತು ಒಬ್ಬರು ಬಗ್ಗಿಸಿ, ಹೇನು ನೋಡುವವರ ಹಾಗೆ,
ಕಚಗುಳಿಗೆ ಕಿಸಕ್ಕನೆ ನಕ್ಕು,
ಚೀನ ಎಂದರು. ಬಾಂಗ್ಲಾ. ಮತ್ತೆ ಚೀನ.
ನಾಲ್ಕು ಕೈ ದಾಟಿ ಬಂದ ಸ್ವೆಟರೊಂದರಲ್ಲಿ
ದೇಶವೇ ಇಲ್ಲ; ನೀಲಿ ದಾರದಲ್ಲಿ ಯಾವುದೋ ಮಗುವಿನ ಹೆಸರು,
ಸಿಗ್ನೆ.

ಹಿಂದಿನ ಬೆಂಚಿನಿಂದ ಖೌಹೆಲೊ ಎದ್ದಳು.
‘ಮ್ಮೆ’ ಎಂದಳು. ಇಲ್ಲಿ ಟೀಚರಿಗೂ ಅಮ್ಮನಿಗೂ ಒಂದೇ ಮಾತು.
ಜೇಬಿನಿಂದ ತೆಗೆದಳು ಒಂದು ಬಿಳಿ ಸುರುಳಿ,
ಇನ್ನೂ ಕತ್ತರಿ ತಾಗದ ಪಟ್ಟಿ,
ಬಿಚ್ಚಿದಷ್ಟೂ
ಲೆಸೊಥೊದಲ್ಲಿ ತಯಾರಾದದ್ದು ಲೆಸೊಥೊದಲ್ಲಿ ತಯಾರಾದದ್ದು
ಲೆಸೊಥೊದಲ್ಲಿ ತಯಾರಾದದ್ದು ಲೆಸೊಥೊದಲ್ಲಿ
ಬೆಂಚು ಬೆಂಚು ಹಾದು ಕರಿಹಲಗೆ ಮುಟ್ಟಿತು.

‘ಅಮ್ಮ ಹಚ್ಚುವುದು ಇದನ್ನೇ. ಜೀನ್ಸಿಗೆ, ಸೊಂಟದ ಹಿಂದೆ.
ದಿನಕ್ಕೆ ಸಾವಿರದಿನ್ನೂರು.
ಹೋದ ತಿಂಗಳು ಆರ್ಡರು ಬರಲಿಲ್ಲ. ಗೇಟಿಗೆ ಬೀಗ.
ಇದು ಉಳಿದದ್ದು.’

ಒಂದು ತುಂಡು ಕತ್ತರಿಸಿ ಚುಕ್ಕೆಯ ಮೇಲೆ ಅಂಟಿಸಿದೆವು.
ಅದು ಮಡಗಾಸ್ಕರಿನವರೆಗೂ ಮುಚ್ಚಿಕೊಂಡಿತು.
ಹುಡುಗರು ಚಪ್ಪಾಳೆ ತಟ್ಟಿದರು.

ಊಹಿಸಿ ಎಂದಿತ್ತಲ್ಲ, ನಾಲ್ಕು ಗೆರೆ ಬಿಟ್ಟಿದ್ದರು.
ನಲವತ್ತಾರರಲ್ಲಿ ಹತ್ತೊಂಬತ್ತು ಮಕ್ಕಳು
ಊಹಿಸಬೇಕಿರಲಿಲ್ಲ.
ಅವಳ ಎಡಗಿವಿ ಮಂದ, ಎಂದು ಒಬ್ಬ ಬರೆದ.
ಬೆರಳಿಗೆ ಹತ್ತಿದ ನೀಲಿ ಜೋಳದ ಮುದ್ದೆಗೂ ಹತ್ತುತ್ತದೆ.
ನಿದ್ದೆಯಲ್ಲೂ ಕಾಲು ಪೆಡಲು ತುಳಿಯುತ್ತದೆ.
ಅವಳಿಗೆ ಸಿಟ್ಟು ಜಾಸ್ತಿ.
ಈಗ ಮನೆಯಲ್ಲೇ ಇರುತ್ತಾಳೆ, ನನಗೆ ಖುಷಿ,
ಎಂದು ಬರೆದು, ಕೊನೆಯ ಎರಡು ಮಾತು
ರಬ್ಬರಿನಿಂದ ಅಳಿಸಿದ್ದಳು ಖೌಹೆಲೊ.
ಕಾಗದ ಅಲ್ಲಿ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಓದಬಹುದು.

ಆ ರಾತ್ರಿ ಮತ್ತೆ ಕಿಟಕಿ, ಕಂಬಳಿ.
ತಿದ್ದಿ ಎಂದವರಿಗೆ
ಮೂವತ್ತೆಂಟನೆಯ ಪುಟ ಕಳಿಸಬೇಕಿತ್ತು,
ಹತ್ತೊಂಬತ್ತು ಹಾಳೆಯ ಫೋಟೋ, ಅಂಟು ಒಣಗದ ನಕಾಶೆ.
ಏರುವುದು ಇಳಿದಷ್ಟು ಸಲೀಸಲ್ಲ.
ಶೇಕಡಾ ಒಂಬತ್ತು. ಹನ್ನೊಂದು.
ಐದಕ್ಕೆ ಅಗ್ಗದ ಹೊತ್ತು ಮುಗಿಯುತ್ತದೆ.
ಐದೂಕಾಲಿಗೆ, ಕೂಗದ ಸೈರನ್ನಿಗೆ,
ಅಭ್ಯಾಸದಿಂದ
ಬೀದಿಯ ಒಂದೊಂದೇ ದೀಪ ಹೊತ್ತಿಕೊಂಡಿತು.
ಶೇಕಡಾ ಹದಿನೇಳು.