ಹಗ್ಗ ಹಿಡಿದವಳು

ನನ್ನ ಕೆಲಸ ಇಷ್ಟೇ: ಹಗ್ಗ ಹಿಡಿದು ಕೂತಿರುವುದು,
ಬಾಯಿ ಮುಚ್ಚಿಕೊಂಡು.
ವಾಲ್ಪರೈಸೊದ ಏರುಬಂಡಿಯಲ್ಲಿ
ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದ ಕೈ ಇದು;
ಈಗ ಮಂಗಳವಾರ ಮಂಗಳವಾರ
ಡಾಕ್ಟರ್ ಇಲಾಬಾಕಾರ ಕೋಣೆಗೆ ಮಿಗಾಳನ್ನು ಕರೆತರುತ್ತದೆ.
ಮಿಗಾ ಅಂದರೆ ನಮ್ಮಲ್ಲಿ ರೊಟ್ಟಿ ಮುರಿದಾಗ ಉದುರುವ ಚೂರು.
ಹೆಸರಿಗೆ ಚೂರು; ತೂಕ ಮೂವತ್ತೊಂದು ಕಿಲೊ,
ಒಂದು ಕಿವಿ ಅರ್ಧ.

ಎಲಿಯೊದೋರೊ ಗ್ಯಾಸ್ ಮಾರುವವನು.
ಲಾರಿ ಹತ್ತಲಾರದ ಮೆಟ್ಟಿಲುಗಳನ್ನು
ಸಿಲಿಂಡರ್ ಹೆಗಲಿಗೇರಿಸಿ ಹತ್ತುವ ಆಳು.
ಆದರೆ ಮರಿಪೋಸಾಸ್ ಗುಡ್ಡದಲ್ಲಿ ಮೆಟ್ಟಿಲಿಗೊಂದು ನಾಯಿ,
ಯಾರದೂ ಅಲ್ಲದ್ದು, ಎಲ್ಲರದೂ ಆದದ್ದು.
ಒಂದು ಸುಮ್ಮನೆ ಮಲಗಿದ್ದರೂ ಸಾಕು,
ಮೊಣಕಾಲು ನೀರಾಗಿ ಇನ್ನೊಂದು ಓಣಿ ಸುತ್ತಿ ಬರುತ್ತಾನೆ.
ಮೂರು ಬೀದಿಯ ಒಲೆಗಳು ತಣ್ಣಗೆ ಕಾಯುತ್ತವೆ.

ಮೊದಲ ವಾರ ನಾಯಿಯೇ ಬೇಡ ಅಂದರು ಡಾಕ್ಟರ್.
ನಾವಿಬ್ಬರೂ ಅಂಗಳದಲ್ಲಿ; ಒಳಗೆ ಮೇಜಿನ ಮೇಲೆ
ಬರಿಯ ಕೊರಳಪಟ್ಟಿ.
ಆಮೇಲೆ ಲಕೋಟೆಯಲ್ಲಿ ನಾನು ಬಾಚಿ ತೆಗೆದ ಕೂದಲು.
ಆಮೇಲೆ ಗಾಜಿನಾಚೆ ಬಾಲದ ತುದಿ.
"ಹೆದರಿಕೆ ಎಷ್ಟು, ನೂರಕ್ಕೆ?"
ಎಂಬತ್ತು. ತೊಂಬತ್ತು. ಅರವತ್ತು. ಮತ್ತೆ ತೊಂಬತ್ತೈದು.
ಅದನ್ನು ಓಡಿಸಬೇಡ, ಅಂದರು ಆಕೆ,
ನಿನ್ನ ಪಕ್ಕ ಕೂತಿರಲಿ, ಅದಕ್ಕೂ ಸುಸ್ತಾಗುತ್ತದೆ.
ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿದ.

ಎಂದು ಕಚ್ಚಿತ್ತು, ಎಲ್ಲಿ?
ಕಚ್ಚಿಯೇ ಇಲ್ಲ, ಅಂದ.
ನಾಯಿ ಕಂಡಾಗ ಅಮ್ಮ ನನ್ನ ಕೈ ಹಿಚುಕುತ್ತಿದ್ದಳು.
ನಾಯಿ ನೆನಪಿಲ್ಲ. ಹಿಚುಕಿದ್ದು ನೆನಪಿದೆ.
ನಾನು ನನ್ನ ಮಗಳ ಕೈಯನ್ನು
ಯಾವುದಕ್ಕೆಲ್ಲ ಹಿಚುಕಿದ್ದೆನೋ ಎಂದು ಎಣಿಸುತ್ತ ಕೂತೆ.

ಆರನೆಯ ವಾರ ಒಂದೇ ಕೋಣೆ, ಎರಡು ಮಾರು ದೂರ.
ಮಿಗಾ ಆಕಳಿಸಿದಳು.
ಅವನು ಬಿಳಚಿಕೊಂಡ: ಅಷ್ಟೊಂದು ಹಲ್ಲು!
ಆಗಲೇ ಕೆಳಗಿನ ಬೀದಿಯಲ್ಲಿ
ಠಣ್, ಠಣ್, ಠಠಣ್,
ಸಿಲಿಂಡರಿಗೆ ಸರಳು ಬಡಿಯುತ್ತ
ಇನ್ಯಾರೋ ಗ್ಯಾಸಿನವನು ತಾನು ಬಂದೆನೆಂದು ಸಾರಿದ.

ಮೂವತ್ತೊಂದು ಕಿಲೊ ನಿಜಕ್ಕೂ ಚೂರಾಗಿ
ನನ್ನ ಕಾಲ ಸಂದಿಗೆ ನುಗ್ಗಿತು.
ಹೊಟ್ಟೆ ನೆಲಕ್ಕೆ, ಬಾಲ ತೊಡೆಯೊಳಕ್ಕೆ,
ಅವಳ ನಡುಕ ಹಗ್ಗದಗುಂಟ ಹರಿದು ನನ್ನ ಬೆರಳಿಗೆ ಬಂತು.
ನಿಯಮ ಮುರಿದೆ. ಬಾಯಿ ತೆರೆದೆ:
"ಆ ಸದ್ದೊಂದಕ್ಕೆ ಹೀಗೆ. ಬೀದಿಯಲ್ಲಿದ್ದಾಗಿನಿಂದ."

ಎಲಿಯೊದೋರೊ ತನ್ನ ಬಲಗೈ ನೋಡಿಕೊಂಡ,
ಬಹಳ ಹೊತ್ತು.
ಗಿರಾಕಿಗಳನ್ನು ಕರೆಯೋಕೆ ಬಡಿಯೋದು ಅಂತ
ಎಲ್ಲರಿಗೂ ಹೇಳ್ತೇನೆ, ಅಂದ.
ನಾಯಿಗಳು ದೂರ ಹೋಗಲಿ ಅಂತ ಬಡಿಯೋದು.

"ಈಗ ಎಷ್ಟು?" ಕೇಳಿದರು ಡಾಕ್ಟರ್.
"ಯಾರದು?" ಅಂದ.

ಕುರ್ಚಿಯಿಂದಿಳಿದು ನೆಲಕ್ಕೆ ಕೂತ. ಮುಟ್ಟಲಿಲ್ಲ.
ಇಬ್ಬರೂ ಒಬ್ಬರನ್ನೊಬ್ಬರು ನೋಡದೆ
ಒಂದೇ ಗೋಡೆಯನ್ನು ನೋಡಿದರು.
ಮುಂದೊಂದು ಮಂಗಳವಾರ ಹಗ್ಗವನ್ನು ಅವನ ಕೈಗೆ ಕೊಟ್ಟೆ.
ಹಿಡಿದ, ಹಿಚುಕದೆ.

ವಾಸಿಯಾಯಿತು ಅನ್ನಲಾರೆ.
ಹಸಿರು ಬಾಗಿಲ ಮನೆಯ ಕರಿನಾಯಿಗೆ ಇಂದಿಗೂ ಓಣಿ ಬದಲಿಸುತ್ತಾನೆ,
ಅದು ನನಗೂ ಅಷ್ಟಕ್ಕಷ್ಟೇ.
ಸರಳನ್ನು ಲಾರಿಯಲ್ಲೇ ಬಿಟ್ಟು ಬರಿಗಂಟಲಲ್ಲಿ ಕೂಗುತ್ತಾನೆ;
ಕೇಳಿಸುವುದೇ ಇಲ್ಲ ಎಂದು ಗುಡ್ಡದ ಹೆಂಗಸರ ದೂರು.
ನಿನ್ನೆ ನನ್ನ ಅವರೆ ಅರ್ಧ ಬೆಂದಾಗ ಗ್ಯಾಸ್ ಮುಗಿಯಿತು.
ಕಿಟಕಿ ತೆರೆದೆ: ಗಾಳಿ, ಬಂದರಿನ ಕ್ರೇನು, ಮತ್ತೇನಿಲ್ಲ.
ಮಿಗಾಳ ಅರ್ಧ ಕಿವಿ ನಿಮಿರಿತು,
ಎದ್ದು ಹೋಗಿ ಬಾಗಿಲ ಬಳಿ ನಿಂತಳು.