ಸೇಂದಿ ಅಂಗಡಿ, ನಂಬರ್ ಹನ್ನೆರಡು

ರಾಯಚೂರು, ಮಂಗಳವಾರಪೇಟೆ. ಮೊಬೈಲ್ ಅಂಗಡಿಯ ಗೋಡೆ
ಈ ಬೇಸಿಗೆಗೆ ಸುಣ್ಣ ಉದುರಿಸಿತು.
ಒಳಗೊಂದು ಈಚಲ ಮರ, ಕೊರಳಿಗೆ ಮಡಕೆ,
ಅರ್ಧ ಉರ್ದು, ಅರ್ಧ ಕನ್ನಡ.

ಬರೆದವನು ಪೇಂಟರ್ ಚಾಂದಪಾಶಾ, ಒಂದು ಹನಿ ಮುಟ್ಟದವನು.
ಬರೆಸಿದವನು ಈಳಿಗೇರ ಸವಾರೆಪ್ಪ:
"ಕಚ್ಚು ಒಂದೇ ಮಗ್ಗಲಿಗೆ ಹಾಕಬ್ಯಾಡೋ,
ಹೋದ್ವರ್ಷ ಬಲಕ್ಕಾದ್ರ ಈ ವರ್ಷ ಎಡಕ್ಕ.
ಇಲ್ಲಾಂದ್ರ ಮರ ಸಾಯ್ತದ."

ಅಂದಿನಿಂದ ಗೋಡೆಗೂ ವರ್ಷಕ್ಕೊಂದು ಕಚ್ಚು,
ಕೂಲಿಗೆ ಬೊಗಸೆ ಈಚಲಹಣ್ಣು.

ಸೇಂದಿ ಬಂದಾದ ವರ್ಷ
ಚಾಂದಪಾಶಾನೇ ಸುಣ್ಣದ ಬಕೀಟು ತಂದ.
ಸವಾರೆಪ್ಪ ಏಣಿ ಹಿಡಿದ:
"ಬಳಿ. ಮಡಕಿಗೆ ಸುಣ್ಣ ಸವರಿದ್ರ
ರಸ ಹುಳಿ ಬರಂಗಿಲ್ಲ."

ಎಣಿಸಿದೆ. ಹತ್ತೊಂಬತ್ತು.
ಕೊನೆಯದು ಬಲಕ್ಕಿದೆ.
ಎಡಮಗ್ಗಲು ನುಣ್ಣಗೆ,
ರೀಚಾರ್ಜಿಗೆ ಬಂದವರ ಬೆನ್ನು ತಾಗಿ ತಾಗಿ.